ಬೆಣ್ಣೆಯವರ ಚಾವಡಿ

ವಿಲಾಯತಿಗೆ ಹೋಗುವ ನಮ್ಮವರು ಲಂಡನ್ನಿನ ಅರಮನೆಗಳನ್ನು ಕಂಡು ಹಿಂತಿರುಗುವುದೇ ವಾಡಿಕೆ. ಅಂಥವರು ಗ್ಲಾಸ್ಟರ್ ಪ್ರಾಂತದ ಚಿಪ್ಪಿಂಗ್ ಕ್ಯಾಂಪ್ಡನ್ ಎಂಬ ಸಂತೆಯೂರನ್ನೊಮ್ಮೆ ನೋಡತಕ್ಕದ್ದು. ದೊರೆಗೇ ಸಾಲ ಕೊಡುತ್ತಿದ್ದ ಬ್ಯಾಪ್ಟಿಸ್ಟ್ ಹಿಕ್ಸ್ ಎಂಬ ವರ್ತಕನು ಬೆಣ್ಣೆ, ಕೋಳಿ ಮಾರುವ ಬಡವರಿಗಾಗಿ 1627ರಲ್ಲಿ ಅಲ್ಲೊಂದು ಕಲ್ಲಿನ ಚಾವಡಿಯನ್ನು ಕಟ್ಟಿಸಿದನು. ಅವನ ಸ್ವಂತ ಸೌಧವು 1645ರ ಅಂತಃಕಲಹದಲ್ಲಿ ಸುಟ್ಟು ಬೂದಿಯಾಯಿತು. ಬೆಣ್ಣೆಯವರ ಚಾವಡಿಯು ಇಂದಿಗೂ ನಿಂತಿದೆ. 1940ರ ದಶಕದಲ್ಲಿ ಅದು ಅಮೆರಿಕಕ್ಕೆ ವಿಕ್ರಯವಾಗುವುದರಲ್ಲಿದ್ದಾಗ ಊರವರೇ ವಂತಿಗೆ ಎತ್ತಿ, ಕೊಂಡುಕೊಂಡು, ನ್ಯಾಷನಲ್ ಟ್ರಸ್ಟಿಗೆ ಒಪ್ಪಿಸಿದರು. ಸಾಮಾನ್ಯರ ಈ ಅಭಿಮಾನಕ್ಕಲ್ಲವೇ ನಾವು ತಲೆಬಾಗಬೇಕಾದದ್ದು?

ಊರ ಮಗ್ಗುಲಲ್ಲಿಯೇ ಆನಂದ ಕುಮಾರಸ್ವಾಮಿಯವರು 1907ರಿಂದ ಕೆಲವು ವರ್ಷ ವಾಸವಾಗಿದ್ದು, ಸಿಂಹಳದ ಕಲೆಯನ್ನು ಕುರಿತ ತಮ್ಮ ಗ್ರಂಥವನ್ನು ಕೈಯಚ್ಚಿನಲ್ಲಿ ಹೊರತಂದರು. ನಮ್ಮ ಯಾತ್ರಿಕರಲ್ಲಿ ಆ ಮನೆಯನ್ನು ವಿಚಾರಿಸುವವರು ಎಷ್ಟು ಮಂದಿಯೋ!