ಕಣ್ಣಿಗಲ್ಲ ಸ್ವಾಮೀ, ಕೈಗೆ ತೋರಿಸಿ!

ಹೊಸ ಗೇಮ್ ಕನ್ಸೋಲ್ ಬಂದಾಗಲೆಲ್ಲ ಒಂದೇ ರಾಗ. "ಇದರ ಜೊತೆ ಬಂದಿರೋ ಆಟ ನೋಡಿದ್ರಾ? ಗ್ರಾಫಿಕ್ಸ್ ಅಂದ್ರೆ ಗ್ರಾಫಿಕ್ಸ್! ಯಾರಿಗೆ ತೋರಿಸಿದ್ರೂ ಬಾಯಿ ಬಿಟ್ಕೊಂಡು ನೋಡ್ತಾರೆ!"

ಯಾರಿಗೆ ತೋರಿಸಿದ್ರೂ? ಆ ಮಾತಿನ ಮೇಲೇ ನನ್ನ ತಕರಾರು. ಹಬ್ಬಕ್ಕೋ ರಜಕ್ಕೋ ಒಂದ್ಸಲ ಕಂಟ್ರೋಲರ್ ಹಿಡಿಯೋ ಜನ ನಮ್ಮನೆಯಲ್ಲೂ ಇದಾರೆ, ನಿಮ್ಮನೆಯಲ್ಲೂ ಇರ್ತಾರೆ. ಅವರ ಮುಂದೆ ಇಂಥ ಆಟ ಹಾಕಿ ನೋಡಿ. ಎರಡು ನಿಮಿಷ "ಚೆನ್ನಾಗಿದೆ, ಸಿನಿಮಾ ಥರಾನೇ ಇದೆ" ಅಂತಾರೆ. ಮೂರನೇ ನಿಮಿಷಕ್ಕೆ "ನಂಗಿದೆಲ್ಲ ಬರಲ್ಲಪ್ಪ, ನೀನೇ ಆಡು" ಅಂತ ಕೆಳಗಿಡ್ತಾರೆ. ಆಮೇಲೆ ಅದನ್ನ ಮುಟ್ಟೋದೇ ಇಲ್ಲ.

ನನ್ನ ವಾದ ಇಷ್ಟೇ. ಅಪರೂಪಕ್ಕೆ ಆಡೋರಿಗೆ ಹೊಸ ಯಂತ್ರದ ಹೊಸತನ ಗೊತ್ತಾಗೋದು ಕೈಯಿಂದ. ಅದನ್ನ ಗೊತ್ತುಮಾಡಿಸೋ ಆಟ ಡಬ್ಬದೊಳಗೇ ಬರಬೇಕು. ಉಳಿದ ಬಿಡುಗಡೆಯ ಆಟಗಳೆಲ್ಲ, ಆಗಲೇ ಮದುವೆಗೆ ಒಪ್ಪಿಕೊಂಡವರಿಗೆ ಮತ್ತೆ ಜಾತಕ ತೋರಿಸಿದ ಹಾಗೆ.

2006ರ ನವೆಂಬರ್ ನೆನಪು ಮಾಡ್ಕೊಳ್ಳಿ. ಅಮೆರಿಕದಲ್ಲಿ ಎರಡೇ ದಿನದ ಅಂತರದಲ್ಲಿ ಎರಡು ಯಂತ್ರ ಬಂದವು. ಸೋನಿಯ ಪ್ಲೇಸ್ಟೇಷನ್ 3ಕ್ಕೆ 499 ಮತ್ತು 599 ಡಾಲರ್. ನಿಂಟೆಂಡೊದ ವೀಗೆ 250 ಡಾಲರ್. ಶಕ್ತಿಯಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ, ವೀ ಪಾಪದ್ದು. ಪ್ಲೇಸ್ಟೇಷನ್ 3ರ ಜೊತೆ ಬಂದ ದೊಡ್ಡ ಆಟ 'ರೆಸಿಸ್ಟೆನ್ಸ್'. ಒಂದು ಕಡ್ಡಿಯಲ್ಲಿ ನಡೀಬೇಕು, ಇನ್ನೊಂದರಲ್ಲಿ ಕತ್ತು ತಿರುಗಿಸಬೇಕು, ನಡುವೆ ಗುಂಡು ಹೊಡೀಬೇಕು. ಅದರ ಚಿತ್ರದ ಚೆಂದ ಪೂರ್ತಿ ಕಾಣಬೇಕಂದ್ರೆ ಎಚ್‌ಡಿ ಟಿವಿ ಬೇರೆ ಬೇಕು. ಆಗ ಎಷ್ಟು ಮನೆಗಳಲ್ಲಿತ್ತು ಅದು? ಇಷ್ಟಕ್ಕೂ ವ್ಯತ್ಯಾಸ ಕಾಣೋದು ಹಳೇದನ್ನ ಚೆನ್ನಾಗಿ ನೋಡಿದ್ದವನಿಗೆ. ಹಳೇದನ್ನೇ ಸರಿಯಾಗಿ ನೋಡದವನಿಗೆ ಹೊಸದರಲ್ಲಿ ಏನು ಹೊಸತು?

ಅದೇ ವೀ ಡಬ್ಬದೊಳಗೆ 'ವೀ ಸ್ಪೋರ್ಟ್ಸ್' ಇತ್ತು. ಟೆನಿಸ್, ಬೇಸ್‌ಬಾಲ್, ಬೌಲಿಂಗ್, ಗಾಲ್ಫ್, ಬಾಕ್ಸಿಂಗ್, ಒಟ್ಟು ಐದೇ ಆಟ. ಕೆಲವು ಆಟಗಳಲ್ಲಿ ಗೊಂಬೆಗಳಿಗೆ ಕಾಲೂ ಇಲ್ಲ, ನೆಟ್ಟಗೆ ಕೈಯೂ ಇಲ್ಲ! ಆದರೆ ಟೆನಿಸ್‌ನಲ್ಲಿ ಓಡೋ ಕೆಲಸ ಯಂತ್ರದ್ದು, ಬೀಸೋದಷ್ಟೇ ನಿಮ್ಮದು. ರಿಮೋಟ್ ಹಿಡಿದು ಬೀಸಿದರೆ ಚೆಂಡು ಹೋಯ್ತು. ಅಜ್ಜಿಗೂ ಅರ್ಥವಾಯ್ತು, ಮೊಮ್ಮಗನಿಗೂ ಅರ್ಥವಾಯ್ತು. ಹೊಸ ಯಂತ್ರ ಅಂದ್ರೇನು ಅನ್ನೋದಕ್ಕೆ ಅರ್ಧ ನಿಮಿಷದ ಉತ್ತರ ಅದು. ವೀ ಹತ್ತು ಕೋಟಿಗೂ ಹೆಚ್ಚು ಮಾರಾಟವಾಯ್ತು.

"ಪುಕ್ಕಟೆ ಕೊಟ್ರೆ ಯಾರು ಬೇಡ ಅಂತಾರೆ" ಅಂತ ನೀವು ಕೇಳ್ತೀರಿ, ಗೊತ್ತು. ಜಪಾನಿನಲ್ಲಿ ಪುಕ್ಕಟೆ ಕೊಡಲಿಲ್ಲ ಸ್ವಾಮೀ, ಬೇರೆಯಾಗಿ ದುಡ್ಡಿಗೆ ಮಾರಿದರು. ಅಲ್ಲೂ ಲಕ್ಷಗಟ್ಟಲೆ ಹೋಯ್ತು. ಪ್ಲೇಸ್ಟೇಷನ್ 3 ಕೂಡ ಕೊನೆಗೆ ಎಂಟು ಕೋಟಿ ದಾಟಿತಲ್ಲ ಅಂತೀರಾ? ದಾಟಿತು, ವರ್ಷಗಟ್ಟಲೆ ಬೆಲೆ ಇಳಿಸಿ, ಬೇರೆ ಬೇರೆ ಆಟ ಬಂದಮೇಲೆ. ಮೊದಲ ದಿನದ ಆಟದಿಂದಲ್ಲ.

ಹಾಗಂತ ಡಬ್ಬದಲ್ಲಿ ಆಟ ಹಾಕಿಬಿಟ್ಟರೆ ಕೆಲಸ ಮುಗೀತು ಅನ್ನೋ ಹಾಗೂ ಇಲ್ಲ. 2012ರಲ್ಲಿ ಅದೇ ನಿಂಟೆಂಡೊ ವೀ ಯು ತಂದಿತು. ದುಬಾರಿ ಡಬ್ಬದಲ್ಲಿ 'ನಿಂಟೆಂಡೊ ಲ್ಯಾಂಡ್' ಇತ್ತು, ಅದರೊಳಗೆ ಹನ್ನೆರಡು ಪುಟ್ಟ ಆಟ. ಆದರೆ ಒಬ್ಬನ ಕೈಯಲ್ಲಿ ಪರದೆಯಿರೋ ದೊಡ್ಡ ಪ್ಯಾಡು, ಉಳಿದವರ ಕೈಯಲ್ಲಿ ಹಳೇ ರಿಮೋಟು, ಇವನಿಗೆ ಕಾಣೋದು ಅವರಿಗೆ ಕಾಣಬಾರದು... ಆಡೋಕೆ ಮುಂಚೆ ಪಾಠ ಮಾಡಬೇಕು! ಆಡಿದಮೇಲೆ ಮಜಾ ಇದೆ, ನಾನು ಇಲ್ಲ ಅನ್ನಲ್ಲ. ಆದರೆ ಇದು ಹೊಸ ಯಂತ್ರವೋ, ಹಳೇ ವೀಗೆ ಸೇರಿಸೋ ಪರದೆಯೋ ಅನ್ನೋ ಗೊಂದಲವೇ ಬಹಳ ಜನಕ್ಕೆ ಬಿಡಲಿಲ್ಲ. ವೀ ಯು ಒಂದು ಕೋಟಿ ಮೂವತ್ತಾರು ಲಕ್ಷದ ಹತ್ತಿರ ನಿಂತುಹೋಯ್ತು. ಸೋಲಿಗೆ ಬೇರೆ ಕಾರಣಗಳೂ ಇದ್ದವು, ಆದರೆ ವಿವರಿಸಬೇಕಾದ ಆಟ ವಿವರಿಸೋರಿಲ್ಲದ ಮನೆಯಲ್ಲಿ ಏನು ಮಾಡೀತು?

ಇದನ್ನ ಸರಿಯಾಗಿ ಮಾಡಿದ್ದು, ತಮಾಷೆ ನೋಡಿ, ಸೋನಿಯವರೇ. 2020ರ ಪ್ಲೇಸ್ಟೇಷನ್ 5ರಲ್ಲಿ 'ಆಸ್ಟ್ರೋಸ್ ಪ್ಲೇರೂಮ್' ಮೊದಲೇ ಹಾಕಿಟ್ಟಿದ್ದರು, ಬೇರೆ ಕಾಸಿಲ್ಲ. ಪುಟ್ಟ ರೋಬೋಟು ಮರಳಲ್ಲಿ ನಡೆದರೆ ಅಂಗೈಗೆ ಒಂದು ಥರ, ಮಂಜಿನ ಮೇಲೆ ಜಾರಿದರೆ ಇನ್ನೊಂದು ಥರ. ಗುಂಡಿ ಒತ್ತಿದರೆ ಸ್ಪ್ರಿಂಗಿನ ಹಾಗೆ ಬೆರಳನ್ನ ತಡೆಯತ್ತೆ. ಯಾರೂ ಹೇಳಿಕೊಡಬೇಕಿಲ್ಲ, ಹಿಡಿದವರೇ "ಅರೆ!" ಅಂತಾರೆ.

ಹಾಗಿರುವಾಗ 2025ರ ಜೂನ್‌ನಲ್ಲಿ ನಿಂಟೆಂಡೊ ಏನು ಮಾಡಿತು? ಸ್ವಿಚ್ 2ಕ್ಕೆ ಅಮೆರಿಕದಲ್ಲಿ 450 ಡಾಲರ್ ಇಟ್ಟು, ಆ ಯಂತ್ರದ ವಿಶೇಷ ಏನು ಅಂತ ಹೇಳಿಕೊಡೋ 'ವೆಲ್‌ಕಮ್ ಟೂರ್'ಗೆ ಮತ್ತೆ ಹತ್ತು ಡಾಲರ್ ಕೇಳಿತು! ಗೃಹಪ್ರವೇಶಕ್ಕೆ ಕರೆದು ಬಾಗಿಲಲ್ಲಿ ಟಿಕೆಟ್ ಹರಿದ ಹಾಗೆ. ಆ ಹತ್ತು ಡಾಲರ್ ಕೊಡೋನು ಯಾರು? ಎಲ್ಲಾ ಗೊತ್ತಿರೋ ಹುಚ್ಚು ಅಭಿಮಾನಿ. ಯಾರಿಗೆ ಗೊತ್ತಾಗಬೇಕಿತ್ತೋ ಅವರು ಅದರ ಹೆಸರೂ ಕೇಳಿರಲ್ಲ.

"ಮೊದಲ ಸ್ವಿಚ್ ಗೆದ್ದಿದ್ದು 2017ರ ಜೆಲ್ಡಾದಿಂದ ಅಲ್ವಾ" ಅನ್ನೋರಿಗೂ ಒಂದು ಮಾತು. ಆ ಜೆಲ್ಡಾ ಅದೇ ದಿನ ಹಳೇ ವೀ ಯುಗೂ ಬಂತು. ಸ್ವಿಚ್‌ನ ಹೊಸತನ ತೋರಿಸಿದ್ದು ಟಿವಿಯಿಂದ ಎತ್ತಿ ಕೈಯಲ್ಲಿ ಹಿಡಿದು ಹೊರಟುಬಿಡಬಹುದು ಅನ್ನೋ ಒಂದೇ ಕೆಲಸ. ಮತ್ತೆ ಕೈಯೇ ಬಂತಲ್ಲ!

"ನಂಗೆ ಬರಲ್ಲ" ಅಂದವರನ್ನ ಇವರಿಗೆ ಆಸಕ್ತಿ ಇಲ್ಲ ಅಂತ ಪಕ್ಕಕ್ಕೆ ಸರಿಸೋದು ಸುಲಭ. ನನಗೆ ಅದೇ ಸಿಟ್ಟು. ದುಡ್ಡು ಮನೆಯವರೆಲ್ಲರದು, ಟಿವಿ ಎಲ್ಲರದು, ಆಟ ಮಾತ್ರ ಒಬ್ಬನದು. ಅರ್ಧ ನಿಮಿಷದಲ್ಲಿ ಅವರನ್ನೂ ಕರೆದುಕೊಳ್ಳೋ ಆಟ ಮಾಡೋಕೆ ಬರತ್ತೆ ಅಂತ 2006ರಲ್ಲೇ ಗೊತ್ತಾಗಿದೆ. ಮಾಡದೇ ಇರೋದು ಸೋಮಾರಿತನ, ಅದಕ್ಕೆ ಕಾಸು ಕೇಳೋದು ದುರಾಸೆ.

ಏನಂತೀರಿ? ಒಪ್ಪದವರು ಧಾರಾಳವಾಗಿ ಜಗಳಕ್ಕೆ ಬನ್ನಿ. ಆದರೆ ಬರೋ ಮುಂಚೆ ನಿಮ್ಮನೆಯಲ್ಲಿ ಆಟ ಆಡದವರೊಬ್ಬರ ಕೈಗೆ ಕಂಟ್ರೋಲರ್ ಕೊಟ್ಟು, ನೀವು ಬಾಯಿ ಮುಚ್ಕೊಂಡು ಪಕ್ಕದಲ್ಲಿ ಕೂತು ನೋಡಿ ಬನ್ನಿ.