ತಳಿ ಬದಲಾದಾಗ ಲಸಿಕೆ
2021ರ ನವೆಂಬರಿನಲ್ಲಿ ಒಮಿಕ್ರಾನ್ ತಳಿ ತಲೆದೋರಿ, ಕೊರೋನಾ ವೈರಾಣು ನಮ್ಮ ಜೀವಕೋಶಕ್ಕೆ ಅಂಟಿಕೊಳ್ಳಲು ಬಳಸುವ ಮುಳ್ಳಿನಾಕಾರದ ಪ್ರೋಟೀನಿನಲ್ಲಿಯೇ ಮೂವತ್ತಕ್ಕೂ ಮಿಕ್ಕ ವ್ಯತ್ಯಾಸಗಳು ಕಂಡುಬಂದ ಮೇಲೆ, ವೂಹಾನಿನಲ್ಲಿ ಮೊದಲು ಕಂಡ ವೈರಾಣುವಿನ ಮೂಲರೂಪವನ್ನು ಆಧರಿಸಿ ನಿರ್ಮಿತವಾದ ಲಸಿಕೆಗಳು, ತೀವ್ರ ವ್ಯಾಧಿಯಿಂದ ಕಾಪಾಡುವ ಸಾಮರ್ಥ್ಯವನ್ನು ಬಹುಮಟ್ಟಿಗೆ ಉಳಿಸಿಕೊಂಡರೂ, ಸೋಂಕನ್ನೇ ತಡೆಯುವ ಶಕ್ತಿಯಲ್ಲಿ ಕುಂದಿದುವು. ಇನ್‌ಫ್ಲುಯೆಂಜಾ ಲಸಿಕೆಯ ತಳಿಗಳನ್ನು ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆರಡು ಬಾರಿ ಪುನಃ ಪರಾಮರ್ಶಿಸುವ ಪರಿಪಾಠ ಬಹುಕಾಲದಿಂದ ಇದ್ದೇ ಇರುವಾಗ, ಕೊರೋನಾ ವರ್ಧಕ ಲಸಿಕೆಯನ್ನು 2023ರಲ್ಲಿ ಒಮಿಕ್ರಾನಿನ ಕವಲಾದ ಎಕ್ಸ್‌ಬಿಬಿ.1.5 ತಳಿಗೂ ಮರುವರ್ಷ ಒಮಿಕ್ರಾನಿನದೇ ಇನ್ನೊಂದು ಕವಲಾದ ಜೆಎನ್.1 ವಂಶಕ್ಕೂ ಹೊಂದಿಸಿದುದು ಯುಕ್ತವೇ ಸರಿ. ಪುಣೆಯ ಜೆನೋವಾ ಸಂಸ್ಥೆ 2023ರ ಜೂನಿನಲ್ಲಿ ಹೊರತಂದ, ಸೂಜಿಯಿಲ್ಲದೆ ಚರ್ಮದೊಳಕ್ಕೆ ಇಳಿಯುವ, ಸಾಮಾನ್ಯ ಫ್ರಿಜ್ಜಿನ ತಂಪಿನಲ್ಲೇ ಕೆಡದುಳಿಯುವ, ಮೊದಲ ಒಮಿಕ್ರಾನಿಗೆ ಹೊಂದಿಸಿದ ಲಸಿಕೆಯನ್ನು ವೃದ್ಧರಿಗೂ ದೀರ್ಘರೋಗಿಗಳಿಗೂ ಆಸರೆಯಾದೀತೆಂದು ನಾನು ಮನಸಾರೆ ಸ್ವಾಗತಿಸಿದೆನಾದರೂ, ಅದು ಬರುವ ಹೊತ್ತಿಗೆ ದೇಶದಲ್ಲಿ ಎಕ್ಸ್‌ಬಿಬಿ ಸಂತತಿಯೇ ಹಬ್ಬಿಬಿಟ್ಟಿದ್ದಿತು.