‘ಮನಸ್ಸು ಗಟ್ಟಿಯಾಗಲಿ’ ಎಂಬ ನೆಪ

ರಮಝಾನ್‌ನ ಸಂಜೆ ಮಾನ್ವಿಯ ಯಾವುದಾದರೂ ಮಸೀದಿಯ ಹೊರಗೆ ತುಸು ಹೊತ್ತು ನಿಂತು ನೋಡಿ. ಖರ್ಜೂರ, ನೀರಿನಿಂದ ಉಪವಾಸ ಬಿಟ್ಟು, ಮಗ್ರಿಬ್ ನಮಾಝ್ ಮುಗಿಸಿ ಹೊರಬಂದ ಕೆಲವರ ಕೈ ಮೊದಲು ಹೋಗುವುದು ಜೇಬಿನ ಬೀಡಿ ಕಟ್ಟಿಗೆ. ಸಹರಿಯಿಂದ ಸಂಜೆಯ ತನಕ, ಬಿಸಿಲಿನಲ್ಲಿ ಭತ್ತದ ಮೂಟೆ ಹೊತ್ತೂ 12 ಗಂಟೆಗಿಂತ ಹೆಚ್ಚು ಕಾಲ ಬೀಡಿ ಮುಟ್ಟದವರೂ ಇವರಲ್ಲಿದ್ದಾರೆ. ‘ಪೂರ್ತಿ ಯಾಕೆ ಬಿಡಬಾರದು?’ ಎಂದು ಕೇಳಿದರೆ ಉತ್ತರ ಸಿದ್ಧವಿರುತ್ತದೆ: ‘ಬಿಡಬೇಕು ಭಾಯಿ, ಇನ್ನೂ ಮನಸ್ಸು ಗಟ್ಟಿಯಾಗಿಲ್ಲ.’

ದಿನವಿಡೀ ಹಸಿವು, ಬಾಯಾರಿಕೆಯನ್ನು ಗೆದ್ದವರು ಆಡುವ ಮಾತೇ ಇದು?

ಇದು ನಮ್ಮೊಬ್ಬರ ಕತೆಯಲ್ಲ. ಅದೇ ಓಣಿಯ ನೆರೆಯವರು ಅಯ್ಯಪ್ಪ ಮಾಲೆ ಧರಿಸಿದರೆ 41 ದಿನಗಳ ವ್ರತದಲ್ಲಿ ಬೀಡಿ, ಸಿಗರೇಟಿನಿಂದ ದೂರವಿರುತ್ತಾರೆ. ನಿಕೊಟಿನ್ ಸಿಗದೆ ಹೋದಾಗ ಕಾಡುವ ಸಿಡುಕು, ಚಡಪಡಿಕೆ, ನಿದ್ರಾಭಂಗ ಮೊದಲ ಕೆಲವು ದಿನಗಳಲ್ಲಿ ತೀವ್ರವಾಗಿದ್ದು, ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತವೆ. ಅಂದರೆ ಮಾಲೆ ತೆಗೆಯುವ ಹೊತ್ತಿಗೆ ದೇಹದ ಕಷ್ಟ ಬಹುಪಾಲು ಮುಗಿದಿರುತ್ತದೆ. ಆದರೂ ಕೆಲವರು ಮತ್ತೆ ಬೀಡಿ ಹಚ್ಚುತ್ತಾರೆ. ಕಾರಣ, ಬಿಡುವ ದಿನದ ಜೊತೆಗೇ ಮರಳುವ ದಿನವನ್ನೂ ಅವರು ಗೊತ್ತುಪಡಿಸಿರುತ್ತಾರೆ. ಈದ್‌ನ ಚಂದ್ರನಿಗೆ ಕಾಯುವ ನಮ್ಮವರೂ ಮಾಡುವುದು ಇದನ್ನೇ.

ಅಂದಮೇಲೆ ಕೊರತೆ ಶಕ್ತಿಯದಲ್ಲ, ಇಚ್ಛೆಯದೂ ಅಲ್ಲ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದ ಧೂಮಪಾನಿಗಳಲ್ಲಿ ಶೇ. 55ರಷ್ಟು ಮಂದಿ ಬಿಡುವ ಯೋಚನೆ ಅಥವಾ ಯೋಜನೆಯಲ್ಲಿದ್ದರು. ಆದರೆ ಹಿಂದಿನ 12 ತಿಂಗಳಲ್ಲಿ ಪ್ರಯತ್ನಿಸಿದವರು ಶೇ. 38ರಷ್ಟು ಮಾತ್ರ. ಈ ಅಂತರದಲ್ಲಿಯೇ ‘ಇನ್ನೂ ಸಮಯವಾಗಿಲ್ಲ’ ಎಂಬ ಮಾತು ಬದುಕಿಕೊಂಡಿದೆ.

ಬಿಡುವವನು ಯೋಚನೆ, ಸಿದ್ಧತೆ, ಕ್ರಿಯೆ ಎಂಬ ಹಂತಗಳನ್ನು ದಾಟುತ್ತಾನೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞರು ಹೇಳಿದ್ದರು. ಆದರೆ ರಾಬರ್ಟ್ ವೆಸ್ಟ್ ಮತ್ತು ತಾಜ್ ಸೊಹಾಲ್ ಇಂಗ್ಲೆಂಡಿನಲ್ಲಿ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಅರ್ಧದಷ್ಟು ಪ್ರಯತ್ನಗಳು ಯಾವ ಪೂರ್ವಯೋಜನೆಯೂ ಇಲ್ಲದೆ ನಡೆದಿದ್ದವು. ಅಂಥ ಪ್ರಯತ್ನಗಳೇ ಆರು ತಿಂಗಳು ಉಳಿಯುವ ಸಾಧ್ಯತೆ ಹೆಚ್ಚಿತ್ತು. ಹಾಗಂತ ಯೋಜನೆಯೇ ಬೇಡವೆಂದಲ್ಲ, ಮನಸ್ಸು ಹಣ್ಣಾಗಲೆಂದು ವರ್ಷಗಟ್ಟಲೆ ಕಾಯಬೇಕಾಗಿಲ್ಲ ಎಂದಷ್ಟೇ ಇದರ ಅರ್ಥ.

ಬಿಡುವುದು ಸುಲಭವೆಂದು ನಾವು ಹೇಳುತ್ತಿಲ್ಲ. ಚಟವು ಚಾರಿತ್ರ್ಯದ ದೋಷವಲ್ಲ, ನಿಕೊಟಿನ್‌ನ ಹಿಡಿತ. ಆದ್ದರಿಂದ ಮನೆಯ ಬೈಗುಳವಾಗಲಿ, ವೇದಿಕೆಯ ಭರ್ತ್ಸನೆಯಾಗಲಿ ಹೆಚ್ಚು ದೂರ ಸಾಗದು. ಸಾರ್ವಜನಿಕ ಸ್ಥಳದ ಧೂಮಪಾನಕ್ಕೆ ನಮ್ಮ ರಾಜ್ಯ 2025ರಲ್ಲಿ ದಂಡವನ್ನು 200ರಿಂದ 1000 ರೂಪಾಯಿಗೆ ಏರಿಸಿತು. ಅಗತ್ಯವಾದ ಕ್ರಮವೇ. ಆದರೆ ದಂಡವು ಬೀಡಿಯನ್ನು ಬಸ್ ನಿಲ್ದಾಣದಿಂದ ಓಡಿಸಬಲ್ಲದು, ಮನೆಯ ಹಿತ್ತಲಿನಿಂದ ಓಡಿಸಲಾರದು.

ನೆರವು ಜೇಬಿನಲ್ಲೇ ಇದೆ. ಬೀಡಿ, ಸಿಗರೇಟಿನ ಪೊಟ್ಟಣದ ಮೇಲೆ ಅಚ್ಚಾಗಿರುವ 1800-11-2356 ಉಚಿತ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದ ಮೂಲಕ ಕನ್ನಡದಲ್ಲೂ ಸಲಹೆ ಸಿಗುತ್ತದೆ. ಹಮಾಲಿಯ ಕೈಯಲ್ಲಿ ದಿನವೂ ಇರುವ ಆ ಸಂಖ್ಯೆಯನ್ನು ಅವನಿಗೆ ಓದಿ ಹೇಳಿದವರು ನಮ್ಮಲ್ಲಿ ಎಷ್ಟು ಮಂದಿ?

ಒಮ್ಮೆ ಬಿಟ್ಟು ಮತ್ತೆ ಸೇದಿದವನು ಸೋತವನಲ್ಲ. ಹಲವು ಸಲ ಪ್ರಯತ್ನಿಸಿದ ಬಳಿಕವೇ ಪೂರ್ತಿ ಬಿಟ್ಟವರು ಬಹಳಷ್ಟಿದ್ದಾರೆ. ಅವನನ್ನು ಹಂಗಿಸದೆ, ಮುಂದಿನ ದಿನಾಂಕ ಯಾವುದೆಂದು ಕೇಳೋಣ. ಸಂಜೆಯ ತನಕ ಬಿಟ್ಟವನಿಗೆ ಇನ್ನು ಉಳಿದಿರುವುದು ಆ ರಾತ್ರಿ ಮಾತ್ರ. ಅದನ್ನು ದಾಟುವಾಗ ಅವನ ಪಕ್ಕದಲ್ಲಿ ನಾವಿರುತ್ತೇವೆಯೇ?